ಗುಬ್ಬಿಯ ತೂಕ

ಬನಹಟ್ಟಿ
18-11-2008

ಗೆಳೆಯ ಭೀಮಶಿಗೆ ಗಿರಿಮಲ್ಲಪ್ಪನ ಶರಣು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಒಂದು ಬೈಗುಳ, ಕಳೆದ ತಿಂಗಳು ಹಿಪ್ಪರಗಿಗೆ ಬಂದೂ ನಿನ್ನ ಮನೆಗೆ ಬಾರದ್ದಕ್ಕೆ ಇನ್ನೊಂದು, ಎರಡನ್ನೂ ಕೂಡಿಸಿ ಬೈದುಬಿಡು. ಬರುವ ಹಾಗಿರಲಿಲ್ಲ. ನನ್ನ ಚೀಲದಲ್ಲಿ ಮೀನಿತ್ತು.

ಹೌದು, ಮೀನು. ನಿಮ್ಮ ಮನೆಯ ಕುರಿಸಾರಿನ ವಾಸನೆಗೆ ಐವತ್ತು ವರ್ಷ ಮೂಗು ಮುಚ್ಚಿ ನಿನ್ನನ್ನು ಕಾಡಿದವನ ಚೀಲದಲ್ಲಿ.

ನನ್ನ ಹೆಂಡತಿ ಶಿವಗಂಗವ್ವ ಸಾಯುವಾಗ ನನ್ನ ಕೈಗೆ ಬಿಟ್ಟುಹೋದ ಬೆಕ್ಕು ಗುಬ್ಬಿ ನಿನಗೆ ಗೊತ್ತಲ್ಲ, ಅದು ಶ್ರಾವಣದಿಂದ ಸೊರಗತೊಡಗಿತು. ನೂಲು ತೂಗುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿದೆ. ನಾಲ್ಕು ಕಿಲೋ ಇದ್ದದ್ದು ಮೂರಾಯಿತು, ಎರಡೂವರೆಯಾಯಿತು. ತೂಕ ಇಳಿದಷ್ಟೂ ತೂಕಡಿಕೆ ಏರಿತು. ಕೊನೆಗೆ ಜಮಖಂಡಿಗೆ ಒಯ್ದೆ. ಅಲ್ಲಿ ಶೀತಲ್ ಅಂತ ಹೊಸ ಡಾಕ್ಟರಬಾಯಿ ಬಂದಿದ್ದಾಳೆ. ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದಳು.

“ಅಜ್ಜಾರ, ಇದರ ಹಾರ್ಟ್ ಸೋತೈತ್ರಿ. ಏನ ತಿನ್ನಾಕ ಹಾಕ್ತೀರಿ?”

“ಹಾಲು, ರೊಟ್ಟಿ. ಸೋಮವಾರ ತುಪ್ಪದನ್ನ.”

“ಇಲಿ?”

“ಛೇ, ನಮ್ಮ ಗುಬ್ಬಿ ಶರಣಿ ಆಗ್ಯಾಳ್ರಿ,” ಅಂದೆ. ಈ ಮಾತಿಗೆ ನಗದವರನ್ನು ನಾನು ಕಂಡಿರಲಿಲ್ಲ. ಅವಳು ನಗಲಿಲ್ಲ.

“ಬೆಕ್ಕಿಗಿ ಮಾಂಸ ಬೇಕ ಬೇಕ್ರಿ. ಅದಿಲ್ದ ಹಾರ್ಟ್ ದುರ್ಬಲ ಆಗತೈತಿ. ನೀವು ಇದರ ಹೊಟ್ಟಿ ತುಂಬಸೀರಿ, ಎದಿ ಉಪವಾಸ ಕೆಡವೀರಿ.”

ನನ್ನ ಆಟ ನಿನಗೆ ಹೇಳಿರಲಿಲ್ಲ. ಶಿವಗಂಗವ್ವ ಹೋದ ಮೇಲೆ ಗುಬ್ಬಿಯ ಹಣೆಗೆ ವಿಭೂತಿ ಬಳಿದು, ಹೊಟ್ಟೆ ಬಿರಿಯುವಂತೆ ಮೊದಲೇ ಉಣಿಸಿ, ಓಣಿಯವರ ಎದುರು ಸತ್ತ ಇಲಿ ಇಡುತ್ತಿದ್ದೆ. ಅದು ಮೂಸಿ ತಿರುಗಿ ಕೂರುತ್ತಿತ್ತು. ಮಠದ ಕಾಶಪ್ಪ ಖರೆ ಅಂತ ನಂಬಿ ಕೈಮುಗಿದ. ಕೈಮುಗಿದವನ ಎದುರು ಸುಳ್ಳುಗಾರನಾಗಲು ಮನಸ್ಸಾಗಲಿಲ್ಲ. ಬೆಕ್ಕು ಹೊರಗೆ ಹೋಗಿ ಇಲಿ ಹಿಡಿದೀತೆಂದು ಕಿಟಕಿಗಳಿಗೆಲ್ಲ ಜಾಳಿಗೆ ಬಡಿಸಿದೆ. ಮೂರು ವರ್ಷ.

ಈಗ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ನಿಮ್ಮ ಹಿಪ್ಪರಗಿಯಿಂದ ತಂದ ಮೀನು ಬೇಯಿಸುತ್ತೇನೆ. ಮೊದಲ ದಿನ ಅದರ ಕಣ್ಣು ನೋಡಿ ವಾಂತಿ ಮಾಡಿಕೊಂಡೆ. ಸೊಸೆ ಶೈಲಾ ಸೆರಗಿನಿಂದ ಮೂಗು ಮುಚ್ಚಿ, “ಮಾವಾರ, ಆ ಗಡಿಗಿ ಹೊಸ್ತಿಲ ದಾಟಿದ್ರ ನಾ ತವರಮನಿಗಿ ಹೋಗ್ತೀನ್ರಿ” ಅಂದಳು. ಬೂದಿ, ಹುಣಸೆ, ಸಾಬೂನು ಹಚ್ಚಿ ತಿಕ್ಕಿದರೂ ಬೆರಳಿನ ನಾತ ಹೋಗುವುದಿಲ್ಲ. ರೊಟ್ಟಿ ಮುರಿದರೆ ಮೀನು, ಇಷ್ಟಲಿಂಗಕ್ಕೆ ಕೈಯೊಡ್ಡಿದರೆ ಮೀನು. ಆದರೆ ಹೇಸಿಗೆ ಮೀನಿನದಲ್ಲ ಭೀಮಶಿ. ಗುಬ್ಬಿ ಅದನ್ನು ಗುರುಗುಟ್ಟುತ್ತ ತಿನ್ನುವುದನ್ನು ನೋಡಿದಾಗ, ಇಷ್ಟು ಹಸಿದ ಜೀವವನ್ನು ಆಡಿಸಿ ಜನ ನಗಿಸಿದೆನಲ್ಲ ಎಂದು ನನ್ನ ಮೇಲೇ ಓಕರಿಕೆ ಬಂತು.

ಮಲಗಿದಾಗ ಅದರ ಉಸಿರು ಎಣಿಸಲು ಡಾಕ್ಟರಬಾಯಿ ಹೇಳಿದ್ದಾಳೆ. ನಿಮಿಷಕ್ಕೆ ಮೂವತ್ತರೊಳಗಿರಬೇಕಂತೆ. ಐವತ್ತೆರಡಿತ್ತು, ನಿನ್ನೆ ನಲವತ್ತು. ತೂಕ ನೂರು ಗ್ರಾಂ ಏರಿದೆ. ಉಳಿಯುತ್ತದೋ ಇಲ್ಲವೋ ಅವಳೂ ಹೇಳುವುದಿಲ್ಲ. ನಿಮ್ಮ ಕಡೆಯ ಹಾಲಿನ ಗಾಡಿಯಲ್ಲಿ ವಾರಕ್ಕೊಮ್ಮೆ ಮೀನು ಕಳಿಸು. ಜಾಳಿಗೆ ಕಿತ್ತೆಸೆದಿದ್ದೇನೆ. ಕಾಶಪ್ಪನಿಗೂ ಹೇಳಿದೆ, ಮಾತು ಬಿಟ್ಟಿದ್ದಾನೆ.

ನಿನ್ನ ಮೊಮ್ಮಗಳು ಅನಸವ್ವನಿಗೆ ನನ್ನ ಆಶೀರ್ವಾದ. ನಿಮ್ಮ ದೇವರು ಬೀರಪ್ಪ ನಿನ್ನ ಕುರಿಗಳನ್ನು ಕಾಯಲಿ, ನಿನ್ನನ್ನೂ ಅವುಗಳ ಜೊತೆಗೇ ಎಣಿಸಿಕೊಳ್ಳಲಿ.

ನಿನ್ನ
ಗಿರಿಮಲ್ಲಪ್ಪ

ತಾ.ಕ.: ಯಾರಿಗೂ ಹೇಳದ್ದು ಒಂದಿದೆ. ಶಿವಗಂಗವ್ವನ ಮೈಯಲ್ಲಿ ರಕ್ತವೇ ಇಲ್ಲದಾದಾಗ ದವಾಖಾನೆಯಲ್ಲಿ ದಿನಾ ಒಂದು ಕೋಳಿತತ್ತಿ ಕೊಡಲು ಹೇಳಿದ್ದರು. “ಔಷಧ ಅಂತ ತಿಂದ್ರ ಶಿವ ಸಿಟ್ಟ ಆಗ್ತಾನೇನ್ರಿ?” ಎಂದು ಒಂದೇ ಸಲ, ಮೆಲ್ಲಗೆ ಕೇಳಿದಳು. “ತತ್ತಿ ತಿಂದು ನಸುಕಿನ್ಯಾಗ ಹುಂಜದಂಗ ಕೂಗಿದ್ರ ಓಣಿ ಮಂದಿ ಏನಂದಾರ?” ಅಂದೆ. ಅವಳೂ ನಕ್ಕಳು. ಮತ್ತೆ ಕೇಳಲಿಲ್ಲ. ತತ್ತಿ ನಮ್ಮ ಓಣಿಯ ಅಂಗಡಿಯಲ್ಲೇ ಸಿಗುತ್ತಿತ್ತು.