ನೇಥನ್ ಹಿಬರ್ಡನ ಮಗ್ಗದಲ್ಲಿ ಉಳಿದ ಬಟ್ಟೆ

ಹ್ಯಾಲ್‌ಕೂಮ್, ವಿಲ್ಟ್‌ಶೈರ್
೧೫ ನವೆಂಬರ್ ೧೭೮೭, ಗುರುವಾರ

ನನ್ನ ಮುದ್ದು ಜೆತ್ರೋ,

ಹೇಗಿದ್ದೀಯಪ್ಪಾ? ಚಳಿ ಬಿದ್ದ ಮೇಲೆ ನಿನ್ನ ಕೆಮ್ಮು ಮರುಕಳಿಸಿತೇ? ಗಾಡಿಯವನ ಕೈಲಿ ಕಳಿಸಿದ ಉಣ್ಣೆಯ ಕಾಲುಚೀಲ ಸರಿಹೋಯಿತೇ? ಜೀನು ಹೊಲಿಯುವಾಗ ದಬ್ಬಳ ಚುಚ್ಚಿಕೊಂಡೆ ಎಂದು ನೀನು ಬರೆದಿದ್ದೆ. ಜೇನುತುಪ್ಪ ಹಚ್ಚು, ನಿನ್ನ ಯಜಮಾನರ ಹೆಂಡತಿಯನ್ನು ಕೇಳಿದರೆ ಇಲ್ಲವೆನ್ನುವವಳಲ್ಲ. ವಾರ್‌ಮಿನ್‌ಸ್ಟರಿನ ಗಾಳಿ ನಮ್ಮೂರಿನದಕ್ಕಿಂತ ಚುರುಕು ಎಂದು ಕೇಳಿದ್ದೇನೆ, ಕುತ್ತಿಗೆಗೆ ಏನಾದರೂ ಸುತ್ತಿಕೋ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನ ಮೈಗೂ ಏನೂ ಆಗಿಲ್ಲ. ಮೈಗೆ ಎಂದು ಯೋಚಿಸಿಯೇ ಬರೆದಿದ್ದೇನೆ. ಉಳಿದದ್ದನ್ನು ಕೂತು ಓದು.

ಸುಗ್ಗಿ ಮುಗಿದ ಮೇಲೆ ಲಡ್ಲೋ ಧಣಿ ನೇಯ್ಗೆಯ ಕೂಲಿ ಇಳಿಸಿದ್ದು ನಿನಗೆ ಗೊತ್ತಿದೆ. ಊರಿನ ನೇಕಾರರೆಲ್ಲ ಸೇರಿ ತಮ್ಮ ತಮ್ಮ ಲಾಳಿಗಳನ್ನು ತಂದು ಪ್ರಾರ್ಥನಾ ಮಂದಿರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ನಿಮ್ಮಪ್ಪನಿಗೆ ಕೊಟ್ಟರು. "ಒಂದೇ ಒಂದು ಮಗ್ಗ ಆಡಿದ್ರೂ ಧಣಿ ಗೆದ್ದ ಹಾಗೆ, ನೆನಪಿರ್ಲಿ" ಎಂದು ನಿಮ್ಮಪ್ಪ ಎಲ್ಲರಿಂದ ಮಾತು ತೆಗೆದುಕೊಂಡರು. ಅಂದಿನಿಂದ ಗಿರಣಿಯಲ್ಲಿ ಬಟ್ಟೆ ಕುಟ್ಟುವ ಸುತ್ತಿಗೆಗಳ ಸದ್ದಿಲ್ಲ. ಒದ್ದೆ ಬಟ್ಟೆ ಬಿಗಿದು ಒಣಗಿಸುವ ಗುಡ್ಡದ ಮೇಲೆ ಬರೀ ಮರದ ಚೌಕಟ್ಟುಗಳು ನಿಂತಿವೆ. ಬಣ್ಣದವರ ಓಣಿಯ ಕೆಳಗೆ ನೀಲಿಯಾಗಿ ಹರಿಯುತ್ತಿದ್ದ ಹೊಳೆ ತಿಳಿಯಾಗಿದೆ. ತಿಳಿನೀರು ಕಂಡರೆ ಈಗ ನಮಗೆಲ್ಲ ಹೆದರಿಕೆ. ನನ್ನ ರಾಟೆಯೂ ಮೂಲೆ ಸೇರಿದೆ. ಟರ್ನಿಪ್ ಗಡ್ಡೆ ಬೇಯಿಸಿ, ಉಪ್ಪು ಹಾಕಿ, ಅದನ್ನೇ ಊಟವೆಂದುಕೊಳ್ಳುತ್ತೇವೆ.

ಹೀಗಿರುವಾಗ ನೇಥನ್ ಹಿಬರ್ಡ್ ಮಾತು ಮುರಿದ. ಹೌದಪ್ಪಾ, ನಿನ್ನ ಧರ್ಮತಂದೆಯೇ. ಹಸುಗೂಸಾಗಿದ್ದ ನಿನ್ನನ್ನು ಚರ್ಚಿನಲ್ಲಿ ತೋಳಲ್ಲಿ ಹಿಡಿದು ನಿಂತವನು, ಗೋಪುರ ಹತ್ತಿಸಿ ಗಂಟೆ ಬಾರಿಸಲು ಕಲಿಸಿದವನು. ಅವನ ಹೆಂಡತಿ ಡೋರ್ಕಸ್ ಹೆರಿಗೆಯಾದ ಮೇಲೆ ಹಾಸಿಗೆ ಬಿಟ್ಟು ಎದ್ದಿಲ್ಲ, ಕೂಸಿಗೆ ಹಾಲಿಲ್ಲ. ಒಬ್ಬರ ಮುಂದೆ ಕೈಚಾಚುವ ಸ್ವಭಾವ ಅವನದಲ್ಲ. ಹಳೆಯ ಲಾಳಿಯೊಂದನ್ನು ತೆಗೆದು, ಕಿಟಕಿಗೆ ಕಂಬಳಿ ಕಟ್ಟಿ, ನಾದಿನಿಯನ್ನು ಮಗ್ಗದ ಇನ್ನೊಂದು ತುದಿಗೆ ಕೂರಿಸಿಕೊಂಡು ಧಣಿ ಕೊಟ್ಟಷ್ಟಕ್ಕೇ ನೇಯತೊಡಗಿದ. ಸಂತೆಯ ದಿನ ಜೋಬ್ ವಿಕ್ಸ್, ಅದೇ, ದೊಡ್ಡ ಕತ್ತರಿಯಲ್ಲಿ ಬಟ್ಟೆಯ ನವಿರು ಕತ್ತರಿಸುವವನು, ಆ ದಾರಿಯಲ್ಲಿ ಹೋಗುತ್ತ ಮಗ್ಗದ ಸದ್ದು ಕೇಳಿಸಿಕೊಂಡ. ಸಂತೆಗೆ ಸಂತೆಯೇ ನೇಥನನ ಬಾಗಿಲಿಗೆ ನುಗ್ಗಿತು. "ನೇಥನ್ ದೊರೆಗಳಿಗೆ ಸವಾರಿ ಕಟ್ರೋ!" ಎಂದು ಜೋಬ್ ಕೂಗಿದ. ನಾನೂ ಆ ಗುಂಪಿನಲ್ಲಿದ್ದೆ. ಮಾತು ಮುರಿದವನನ್ನು ತೊಲೆಯ ಮೇಲೆ ಕೂರಿಸಿ ಹೊತ್ತು, ಗಿರಣಿಯ ಕೊಳದಲ್ಲಿ ಒಂದು ಮುಳುಗು ಹಾಕಿಸಿ, ನಕ್ಕು, ಮನೆಗೆ ಕಳಿಸುವುದು. ಇಂಥದ್ದನ್ನು ನೀನೂ ನೋಡಿದ್ದೀಯ. ತೊಲೆಯ ಮುಂದಿನ ತುದಿ ನಿಮ್ಮಪ್ಪನ ಹೆಗಲ ಮೇಲಿತ್ತು. "ಆಂಬ್ರೋಸ್, ಕೂಸು ಹಸಿದಿತ್ತು ಕಣೋ" ಎಂದ ನೇಥನ್. "ಎಲ್ರ ಮನೇಲೂ ಮಕ್ಕಳಿದ್ದಾವೆ" ಎಂದು ನಿಮ್ಮಪ್ಪ ತಲೆಯೆತ್ತದೆ ಹೇಳಿ, ತಾವೇ ತೊಲೆ ಮಗುಚಿದರು. ಗಿರಣಿ ನಿಂತು ಕೊಳ ತುಂಬಿಕೊಂಡಿದ್ದು ಯಾರಿಗೂ ಹೊಳೆಯಲಿಲ್ಲ. ನೇಥನ್ ಮೇಲೆ ಬರಲಿಲ್ಲ. ನಿಮ್ಮಪ್ಪ ಬೂಟಿನ ಸಮೇತ ಹಾರಿ, ಅವನನ್ನು ಎಳೆದು ದಂಡೆಗೆ ತಂದರು.

ಜೀವ ಉಳಿಯಿತು, ಆದರೆ ಎದೆಗೆ ಜ್ವರ ಹಿಡಿಯಿತು. ಮರುದಿನ ಬೆಳಿಗ್ಗೆ ನಿಮ್ಮಪ್ಪ ಮಂದಿರದ ಪೆಟ್ಟಿಗೆಯಿಂದ ತಮ್ಮ ಲಾಳಿ ತೆಗೆದು, ಬೀಗದ ಕೈಯನ್ನು ಜೋಬನ ಅಂಗೈಗೆ ಹಾಕಿ, ಸೀದಾ ನೇಥನನ ಮನೆಗೆ ಹೋದರು. ಕಿಟಕಿಯ ಕಂಬಳಿ ಬಿಚ್ಚಿ ಮಗ್ಗಕ್ಕೆ ಕೂತರು. ನಾನು ಹಿಂದೆಯೇ ಓಡಿದೆ. "ರೀ, ಏನ್ಮಾಡ್ತಿದೀರಿ? ಊರು ಸುಮ್ನಿರುತ್ತಾ?" ಎಂದೆ. "ಇದು ಮುಗಿದ್ರೆ ಡೋರ್ಕಸ್ ಕೈಗೆ ಕೂಲಿ ಬರುತ್ತೆ. ನಿಲ್ಸಿದೋನು ನಾನು, ನಾನೇ ಮುಗಿಸ್ಬೇಕು" ಎಂದರು. ನಾದಿನಿ ಹೆದರಿ ತವರಿಗೆ ಹೋಗಿದ್ದಳು. ಅಷ್ಟು ಅಗಲದ ಬಟ್ಟೆಗೆ ಲಾಳಿ ಎಸೆಯಲು ಒಬ್ಬರ ತೋಳು ಸಾಲದು. ಸ್ವಲ್ಪ ಹೊತ್ತು ನೋಡಿದೆ, ಆಮೇಲೆ ಇನ್ನೊಂದು ತುದಿಗೆ ನಾನೇ ಕೂತೆ. ಮಧ್ಯಾಹ್ನ ಅದೇ ತೊಲೆ ಹೊತ್ತು ಊರವರು ಬಂದರು. "ಮಾತು ತಗೊಂಡೋನೇ ಮುರಿದ್ರೆ ಹೆಂಗಪ್ಪಾ ಆಂಬ್ರೋಸ್?" ಎಂದ ಜೋಬ್, ಅವನ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. ನಿಮ್ಮಪ್ಪ ಕೈ ನಿಲ್ಲಿಸಲಿಲ್ಲ. "ತೊಲೆ ಗೋಡೆಗೆ ಒರಗ್ಸಿಡು ಜೋಬ್. ಈ ಬಟ್ಟೆ ಇಳೀಲಿ, ನಾನೇ ಬಂದು ಹತ್ತಿ ಕೂರ್ತೀನಿ." ಒಳಗಿನಿಂದ ನೇಥನ್ ಕೆಮ್ಮುವುದು ಎಲ್ಲರಿಗೂ ಕೇಳುತ್ತಿತ್ತು. ಒಬ್ಬೊಬ್ಬರೇ ಕರಗಿದರು. ಸಂಜೆ ಜೋಬನ ಹೆಂಡತಿ ಮೆಟ್ಟಿಲ ಮೇಲೆ ಹಾಲಿನ ಗಡಿಗೆ ಇಟ್ಟು, ಬಾಗಿಲು ತಟ್ಟದೆ ಹೋದಳು.

ಬಟ್ಟೆ ಮುಗಿಯುತ್ತ ಬಂದಿದೆ. ನನ್ನ ಭುಜ ಸಿಡಿಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ನೇಥನನಿಗಾಗಿ ಪ್ರಾರ್ಥನೆ ಮಾಡು. ನಿನ್ನ ಯಜಮಾನರಿಗೂ ಅವರ ಹೆಂಡತಿಗೂ ನನ್ನ ನಮಸ್ಕಾರ ತಿಳಿಸು. ದೇವರ ಕೈ ನಿನ್ನ ತಲೆಯ ಮೇಲಿರಲಿ, ಕಂದಾ.

ನಿನ್ನ ಅಮ್ಮ,
ಥಾಮಸಿನ್ ಪರ್ನೆಲ್

ಶನಿವಾರ, ಅವಸರದಲ್ಲಿ: ನೇಥನ್ ನಿನ್ನೆ ತೀರಿಕೊಂಡ. ಕಣ್ಣು ಮುಚ್ಚುವ ಮುಂಚೆ "ಎಲ್ಲೀವರೆಗೆ ಬಂತೋ?" ಎಂದು ಕೇಳಿದ. "ಇನ್ನೊಂದು ಮೊಳ" ಎಂದರು ನಿಮ್ಮಪ್ಪ. ಆ ಮೊಳವನ್ನೂ ನೇಯ್ದು, ಬಟ್ಟೆ ಇಳಿಸಿ, ಎಲ್ಲರೂ ನೋಡುತ್ತಿರುವಂತೆ ಹೆಗಲ ಮೇಲೆ ಹೊತ್ತು ಧಣಿಯ ಮನೆಗೆ ಮುಟ್ಟಿಸಿದರು. ಕೂಲಿ ತಂದು ಡೋರ್ಕಸಳ ಕೈಲಿಟ್ಟರು. "ಬ್ರಿಸ್ಟಲ್‌ಗೆ ಹೋಗಿ ಹಡಗು ಹತ್ತು ಮಾರಾಯಾ, ನಾವ್ಯಾರೂ ಏನೂ ನೋಡಿಲ್ಲ ಅಂತೀವಿ" ಎಂದು ಜೋಬ್ ಕಾಲು ಕಟ್ಟಿದ. ಅವರು ಕೇಳಲಿಲ್ಲ. ನಡೆದುಹೋಗಿ ಕಾನ್‌ಸ್ಟೇಬಲನ ಬಾಗಿಲು ತಟ್ಟಿ, ತೊಲೆ ಮಗುಚಿದವನು ನಾನೇ ಎಂದರು. ಮಂಗಳವಾರ ಅವರನ್ನು ಸಾಲ್ಸ್‌ಬರಿ ಜೈಲಿಗೆ ಒಯ್ಯುತ್ತಾರೆ. ಬಂಡಿ ನಿಮ್ಮ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಅವರು ನನ್ನನ್ನು ಕೇಳಿದ್ದು ಒಂದೇ: "ಹುಡುಗ ಹೊರಗೆ ಬಂದು ನಿಲ್ತಾನಾ?" ನೇಥನ್ ನಿನಗೆ ಏನಾಗಿದ್ದ ಎಂದು ನನಗೆ ಗೊತ್ತು. ಕೋಪವಿದ್ದರೆ ಕೋಪದಲ್ಲೇ ನಿಲ್ಲು, ಜೆತ್ರೋ. ಆದರೆ ನಿಲ್ಲು.