ಯಾವ ಕವಚಕ್ಕೂ ಹೊಂದದ ಮಾದರಿ

ಗದಗ
ಶ್ರಾವಣ ಶುದ್ಧ ದಶಮಿ, ಕ್ರಿ.ಶ. ೨೨೪೧

ಮಾನ್ಯ ಅನಸೂಯಾ ಬಡಿಗೇರ ಅವರಿಗೆ ಗೌರವಪೂರ್ವಕ ನಮಸ್ಕಾರಗಳು.

ನಿಮ್ಮ ಕಾಲಕ್ಕಿಂತ ಇನ್ನೂರು ವರ್ಷ ಮುಂದಿನ ಈ ದಿನಾಂಕವನ್ನು ಕಂಡು ಕಾಗದವನ್ನು ಮಡಚಿಡಬಾರದೆಂದು ಕೋರುತ್ತೇನೆ. ನಾನು ಮೂವತ್ತೆಂಟು ವರ್ಷ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಇಲ್ಲಿ ಅಪರಿಚಿತ ಪದಗಳು ಕಂಡರೆ ಅದು ಕಾಲದ ದೋಷ. ವ್ಯಾಕರಣ ತಪ್ಪಿದ್ದರೆ ಮಾತ್ರ ನನ್ನದು.

ನಮ್ಮ ಶಾಲೆಗಳ ಬಾಗಿಲಲ್ಲಿ ಉಸಿರುಪಟ್ಟಿ ಎಂಬುದಿದೆ. ಮಕ್ಕಳು ಚಪ್ಪಲಿ ಬಿಟ್ಟು, ಅದರ ಮೇಲೊಮ್ಮೆ ಊದಿ ಒಳಬರುತ್ತಾರೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅವರ ಗಂಟಲಿನ ರೋಗಾಣುಗಳ ವಂಶವಾಹಿಗಳನ್ನು ಓದಿ, ಅವು ಹೊದ್ದಿರುವ ಸಕ್ಕರೆಯ ಕವಚ ಯಾವುದೆಂದು ಪಟ್ಟಿಯು ಗೋಡೆಯ ಮೇಲೆ ಕನ್ನಡದಲ್ಲಿ ಮೂಡಿಸುತ್ತದೆ. ಕವಚ ತಿಳಿದರೆ ಆ ರೋಗಾಣುವನ್ನು ಕೊಲ್ಲುವ ರಕ್ಷಾದ್ರವದ ಚುಚ್ಚುಮದ್ದು ಸಿಗುತ್ತದೆ. ನಾಲ್ಕನೆಯ ತರಗತಿಯವರು ಕವಚಗಳ ಸಂಖ್ಯೆ-ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. “ನಿನ್ನ ಗಂಟಲಾಗ ಹದಿನಾಲ್ಕನೇದು ಕುಂತೈತಿ” ಎಂದು ಪರಸ್ಪರ ಕೆಣಕುವುದೂ ಉಂಟು.

ಕಳೆದ ಮಾಘದಲ್ಲಿ ನನ್ನ ಮೊಮ್ಮಗಳು ನೀಲಾಂಬಿಕೆಗೆ ಮಿದುಳುಪೊರೆಯ ಜ್ವರ ಬಂತು. ಗೋಡೆಯ ಮೇಲೆ ಯಾವ ಹೆಸರೂ ಮೂಡಲಿಲ್ಲ. ಔಷಧಗಳಿಗೆ ರೋಗಾಣು ಜಗ್ಗಲಿಲ್ಲ. ಕತ್ತು ಬಿಗಿದು, ಬೆಳಕು ನೋಡಲಾರದೆ ಹುಡುಗಿ ಎರಡು ದಿನ ಮಲಗಿದ್ದಳು. ಮೂರನೆಯ ದಿನ ವೈದ್ಯೆ ಶಕೀಲಾ ಹುನಗುಂದ, ನನ್ನ ಹಳೆಯ ಶಿಷ್ಯೆ, ಇನ್ನೂರು ವರ್ಷಗಳ ದಾಖಲೆಗಳನ್ನು ಜಾಲಾಡಿ, ರೋಗಾಣು ಪ್ರಯೋಗಾಲಯದಲ್ಲಿ ನೀವು ಬರೆದ ಹಾಳೆಯೊಂದರ ಚಿತ್ರವನ್ನು ತಂದು ನನ್ನ ಮುಂದೆ ಹಿಡಿದಳು.

ನಿಮ್ಮ ಕಾಲದಲ್ಲಿ ಗುರುತು ಸಿಗದ ರೋಗಾಣುವಿನ ಮಾದರಿಗೆ ಹತ್ತಿರದ ಕವಚದ ಸಂಖ್ಯೆ ಬರೆದು ಮುಗಿಸುವ ರೂಢಿಯೊಂದು ಕೆಲವೆಡೆ ಇತ್ತೆಂದು ಕೇಳಿದ್ದೇನೆ. ನೀವೂ ಮೊದಲು “ಹತ್ತೊಂಬತ್ತು” ಎಂದೇ ಬರೆದಿದ್ದಿರಿ. ಅನಂತರ ಅದನ್ನು ಒಂದೇ ಗೆರೆಯಿಂದ ಹೊಡೆದು, ಕೆಳಗೆ ಬರೆದಿದ್ದಿರಿ: “ಯಾವುದಕ್ಕೂ ಹೊಂದುವುದಿಲ್ಲ. ಎರಡು ವಂಶವಾಹಿಗಳು ಹೊಸವು. ಮಾದರಿಯನ್ನು ಎಸೆಯಬಾರದು.” ಅದೇ ಎರಡು ವಂಶವಾಹಿಗಳು ನೀಲಾಂಬಿಕೆಯ ರೋಗಾಣುವಿನಲ್ಲೂ ಇದ್ದವು. ನಿಮ್ಮ ಆ ಕೊನೆಯ ಮಾತನ್ನು ನಂತರದವರು ಪಾಲಿಸಿದರು. ಉಳಿದ ಮಾದರಿಯಿಂದ ಯಾರೋ ರಕ್ಷಾದ್ರವ ಸಿದ್ಧಪಡಿಸಿದರು. ಯಾರಿಗೂ ಬೇಕಾಗದೆ, ಆದರೂ ತಲೆಮಾರಿಗೊಮ್ಮೆ ಹೊಸದಾಗಿ ಮಾಡಿಟ್ಟು, ಕಾಪಾಡಿಕೊಂಡು ಬಂದರು. ಶಕೀಲಾ ಹಾಳೆ ತಂದ ದಿನ ಸಂಜೆಯೇ ಅದು ಗದಗ ತಲುಪಿತು.

ಚುಚ್ಚುಮದ್ದು ಕೊಟ್ಟ ಮೇಲೆ ಶಕೀಲಾ ಹೇಳಿದಳು: “ಮಾಸ್ತರ್ರ, ಆಕಿ ಹತ್ತೊಂಬತ್ತು ಅಂತ ಬಿಟ್ಟಿದ್ರ ಇವತ್ತ ನಮಗ ಏನೂ ಸಿಗತಿದ್ದಿಲ್ರಿ. ಹಾಳ್ಯಾಗ ಹೊಡದು ಬರದದ್ದಕ್ಕ ನೀವು ನನಗ ಎರಡು ಅಂಕ ಕಡದಿದ್ರಿ, ನೆನಪೈತೇನು?”

ನೆನಪಿತ್ತು.

ಆದ್ದರಿಂದ ಒಂದು ಬಿನ್ನಹ. ಈ ಕಾಗದ ತಲುಪುವಾಗ ಆ ಹಾಳೆ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ಚೊಕ್ಕವಾಗಿ ಕಾಣಲೆಂದು ಅದರ ಶುದ್ಧಪ್ರತಿ ಮಾಡಬೇಡಿ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಆ ಗೆರೆಯನ್ನೇ ತೋರಿಸಿ. ಹತ್ತಿರದ ಹೆಸರು ನಿಜವಾದ ಹೆಸರಲ್ಲವೆಂದು ಅವರು ಕಣ್ಣಾರೆ ಕಲಿಯಲಿ.

ನೀಲಾಂಬಿಕೆ ಇಂದು ಬೆಳಿಗ್ಗೆಯೂ ಉಸಿರುಪಟ್ಟಿಗೆ ಊದಿ ಶಾಲೆಗೆ ಹೋದಳು. ನಿಮ್ಮ ಹಾಳೆಗೆ ನಾನು ನೂರಕ್ಕೆ ನೂರು ಅಂಕ ಹಾಕಿದ್ದೇನೆ. ಮೂವತ್ತೆಂಟು ವರ್ಷಗಳಲ್ಲಿ ಯಾರಿಗೂ ಅಷ್ಟು ಕೊಟ್ಟವನಲ್ಲ.

ಇತಿ ತಮ್ಮ ಋಣಿ,
ಶಂಕ್ರಪ್ಪ ಮುದ್ದೇಬಿಹಾಳ