ಅಡುಗೆಮನೆಗೆ ಬಂದ ಒರತೆ

ಬುಧವಾರ, ಊಟದ ಪಾತ್ರೆ ತೊಳೆದಿಟ್ಟ ಮೇಲೆ

ನನ್ನ ಮುಂಗೋಪಿ ತಂಗಿಗೆ ಅಕ್ಕನ ತುಂಬು ಪ್ರೀತಿ.

ಈ ಕಾಗದದ ಮೂಲೆ ಸುಕ್ಕಾಗಿ ಅಕ್ಷರ ಕದಡಿದ್ದರೆ, ಅಕ್ಕ ಅತ್ತಿದ್ದಾಳೆಂದು ಗಾಬರಿಯಾಗಬೇಡ. ಅದು ನಲ್ಲಿಯ ನೀರು. ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ, ನಲ್ಲಿ ಕೈಗೆಟುಕುವಷ್ಟು ಹತ್ತಿರವಿದೆ, ಸಾಕ್ಷಿಗಿರಲಿ ಎಂದು ನಾನೇ ಚಿಮುಕಿಸಿದೆ. ಇಡೀ ಆಯಸ್ಸು ನರ್ಸಮ್ಮನಾಗಿ, ಜ್ವರ ಎಂದವರ ಬಾಯಿಗೆ ಥರ್ಮಾಮೀಟರ್ ಇಡದೆ ನಂಬದವಳು ನೀನು. ನನ್ನ ಬರಿಮಾತನ್ನು ನಂಬುತ್ತೀಯಾ?

ನೀನು ಕಾಗದದಲ್ಲಿ ಹಾಕಿದ ಷರತ್ತು ನನಗೆ ಬಾಯಿಪಾಠವಾಗಿದೆ. "ಅಕ್ಕಾ, ಈ ಮಂಡಿ ಇಟ್ಕೊಂಡು ಬಿಂದಿಗೆ ಹೊರೋಕೆ ನಾನು ಬರಲ್ಲ. ಅಡುಗೆಮನೇಲಿ ನಲ್ಲಿ ತಿರುಗಿಸಿದ್ರೆ ನೀರು ಬರ್ಬೇಕು. ಅವತ್ತು ಬರ್ತೀನಿ. ಅಲ್ಲೀವರೆಗೆ ಬಾ ಬಾ ಅಂತ ತಲೆ ತಿನ್ನಬೇಡ." ತಿಂಗಳ ಕೊನೆಗೆ ನಿನ್ನ ಮನೆ ಮಾಲೀಕರಿಗೆ ಇರುತ್ತೀಯೋ ಬಿಡುತ್ತೀಯೋ ಹೇಳಬೇಕಂತೆ. ಇರುತ್ತೇನೆ ಎಂದುಬಿಟ್ಟರೆ ಇನ್ನೊಂದು ವರ್ಷ ಮೂರನೇ ಮಹಡಿಯ ಆ ಕೋಣೆಯಲ್ಲಿ ನೀನು, ಈ ಗುಡ್ಡದಲ್ಲಿ ನಾನು. ಟೈಲರಿಂಗ್ ಅಂಗಡಿ ಮುಚ್ಚಿ ಈ ಜಾಗ ಕೊಂಡದ್ದು ಇಬ್ಬರೂ ಇರೋಣವೆಂದು ತಾನೇ? ಒಬ್ಬಳೇ ಮಾತಾಡಿ ಮಾತಾಡಿ ಗೋಡೆಗೂ ನನ್ನ ಸಹವಾಸ ಸಾಕಾಗಿದೆ.

ಹಾಗಾಗಿ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತೆ. ಮನೆಯ ಕೆಳಗಿನ ಇಳಿಜಾರಿನಲ್ಲಿ ಬೇಸಗೆಯಲ್ಲೂ ಒಣಗದ ಒಂದು ಜೌಗು ಜಾಗವಿದೆಯಲ್ಲ, ಹೋದ ಸಲ ಬಂದಾಗ ನೀನು ಒಂದು ಚಪ್ಪಲಿ ಕಳೆದುಕೊಂಡದ್ದು, ಅದೇ. ಅಲ್ಲಿ ಒರತೆ ಇದ್ದೇ ಇರಬೇಕೆಂದು ಗಾರೆ ಮೇಸ್ತ್ರಿಯನ್ನು ಕರೆಸಿ ಕೆಸರು ತೆಗೆಸಿದೆ. ಮೊದಲು ಸಿಕ್ಕಿದ್ದು ನಿನ್ನ ಚಪ್ಪಲಿ. ಆಮೇಲೆ ಕಲ್ಲುಜಲ್ಲಿ, ಅದರ ಹಿಂದೆ ಬಂಡೆಯಲ್ಲೊಂದು ಸೀಳು. ಅದರಿಂದ ಹೆಬ್ಬೆರಳು ಗಾತ್ರದ ನೀರು ಸದ್ದಿಲ್ಲದೆ ಬರುತ್ತಿತ್ತು, ಯಾರಿಗೂ ಹೇಳದೆ ಒಳ್ಳೆಯ ಕೆಲಸ ಮಾಡುವವರ ಹಾಗೆ. ಮೇಸ್ತ್ರಿ ಗುದ್ದಲಿ ಬದಿಗಿಟ್ಟ. "ಇನ್ಮೇಲೆ ಕೈಯಲ್ಲೇ ತೋಡ್ಬೇಕಮ್ಮ. ಒರತೆ ಕಣ್ಣಿಗೆ ಏಟು ಬೀಳ್ಬಾರ್ದು" ಎಂದ.

ಆ ಕಣ್ಣಿನ ಮುಂದೆ ಕಲ್ಲು ಜೋಡಿಸಿ, ಒಂದು ತೊಟ್ಟಿ ಕಟ್ಟಿ, ಚಪ್ಪಡಿ ಮುಚ್ಚಿ ಪೈಪು ಇಟ್ಟರೆ ಮುಗಿಯಿತು. ಆದರೆ ಒರತೆ ಕೆಳಗೆ, ಮನೆ ಮೇಲೆ. ನೀರು ಹತ್ತುವುದು ಹೇಗೆ? ನನ್ನ ಟೈಲರ್ ಬುದ್ಧಿ ಓಡಿತು ನೋಡು. ಗಿಡ್ಡವಾದ ಲಂಗಕ್ಕೆ ಅಂಚು ಕೂಡಿಸಿದ ಹಾಗೆ ತೊಟ್ಟಿಯ ಗೋಡೆಯನ್ನೇ ಆಳೆತ್ತರಕ್ಕೆ ಏರಿಸಿದರೆ? ನೀರು ತುಂಬುತ್ತ ತುಂಬುತ್ತ ಅಡುಗೆಮನೆಯ ಮಟ್ಟ ದಾಟಿ, ತಾನಾಗಿ ನಲ್ಲಿಗೆ ಇಳಿಯಬೇಕು. ಮೇಸ್ತ್ರಿ ತಲೆ ಕೆರೆದುಕೊಂಡ. "ಇಷ್ಟೆತ್ತರದ್ದು ನಾನೂ ಕಟ್ಟಿಲ್ಲ. ಕಟ್ಟಿ ನೋಡೋಣ ಬಿಡಿ!" ಇಬ್ಬರಿಗೂ ಹುರುಪು. ಬೇಡ ಎನ್ನಲು ಅಲ್ಲಿ ಮೂರನೆಯವರಿರಲಿಲ್ಲ.

ನೀರು ಮಂಡಿಯ ಮಟ್ಟಕ್ಕೆ ಬಂತು, ಸೊಂಟದ ಮಟ್ಟಕ್ಕೆ ಬಂತು. ನಿನಗೆ ಬರೆಯಲು ಪೆನ್ನು ಕೂಡ ಹುಡುಕಿಟ್ಟು ಮಲಗಿದೆ. ಬೆಳಿಗ್ಗೆ ಇಣುಕಿದರೆ ತೊಟ್ಟಿಯ ತಳದಲ್ಲಿ ಒಂದು ಕಪ್ಪೆ. ನಾನು ಅದರ ಮುಖ ನೋಡಿದೆ, ಅದು ನನ್ನ ಮುಖ ನೋಡಿತು. ನೀರಿಲ್ಲ.

ಸುಳ್ಳೇಕೆ ಹೇಳಲಿ? ನೀರು ಹೋಯಿತು ಅನ್ನಿಸಲಿಲ್ಲ, ನೀನು ಬರುವುದು ತಪ್ಪಿತು ಅನ್ನಿಸಿತು. ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತೆ.

ಅಷ್ಟರಲ್ಲಿ ಕೆಳಗಿನ ಮನೆಯ ಡ್ರೈವರಣ್ಣ ಪ್ಯಾಂಟು ಮಡಿಚಿಕೊಂಡು ಹತ್ತಿ ಬಂದ. ಗೊತ್ತಲ್ಲ ನಿನಗೆ, ಬಸ್ಸಿನಿಂದ ಇಳಿದು ಎಷ್ಟೋ ಕಾಲವಾದರೂ ಮಾತಲ್ಲಿ ಇನ್ನೂ ಹಾರ್ನು ಹೊಡೆಯುವವನು. "ಅಕ್ಕಾ! ನಿಮ್ಮನೆ ನೀರು ದಾರಿ ತಪ್ಪಿ ನಮ್ಮನೆಗೆ ಬಂದಿದೆ. ನನ್ನ ಮಂಚದ ಕೆಳಗೇ ಎದ್ದಿದೆ. ವಾಪಸ್ ಕಳಿಸ್ಲೋ, ಊಟ ಹಾಕಿ ಇಟ್ಕೊಳ್ಳಲೋ?"

"ಅಯ್ಯೋ, ಬೈಯೋದು ಬಿಟ್ಟು ನಗ್ತಾ ಇದ್ದೀಯಲ್ಲಪ್ಪಾ!" ಎಂದೆ.

"ಬೈಯೋದೇನು ಬಂತು? ಎದ್ದು ಕಾಲಿಟ್ರೆ ತಣ್ಣಗೆ. ನಿದ್ದೇಲಿ ಬಸ್ಸನ್ನ ಕೆರೆಗೇ ಇಳಿಸ್ಬಿಟ್ನಾ ಅಂತ ಭಯವಾಯ್ತು. ಬರೀ ನೀರು ಅಂತ ಗೊತ್ತಾದ್ಮೇಲೆ ಸಮಾಧಾನ!"

ಆ ಮಾತಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನಕ್ಕ ಮೇಲೆ ಬುದ್ಧಿಯೂ ಬಂತು. ಒರತೆ ತಾನು ಹೊರಡುವ ಮಟ್ಟಕ್ಕಿಂತ ಮೇಲೆ ನೀರು ನಿಲ್ಲಿಸಿದರೆ ಸಹಿಸುವುದಿಲ್ಲ. ಎದುರಿನಿಂದ ಒತ್ತಿದಷ್ಟೂ ಹಿಂದೆ ಸರಿದು, ಮಣ್ಣೊಳಗೆ ಬೇರೆ ಸಂದಿ ಹುಡುಕಿಕೊಳ್ಳುತ್ತದೆ. ಥೇಟ್ ನಿನ್ನ ಬುದ್ಧಿ! ಬಾ ಬಾ ಎಂದು ನಾನು ಎಳೆದಾಗಲೆಲ್ಲ ನೀನು ಇನ್ನೊಂದು ಕಡೆ ಮುಖ ಮಾಡಿದವಳೇ ಅಲ್ಲವೇ?

ಅದೇ ದಿನ ಗೋಡೆ ಒಡೆಯಲು ಶುರು. ಕಟ್ಟುವಾಗ ತುಟಿ ಬಿಚ್ಚದ ಮೇಸ್ತ್ರಿ ಒಡೆಯುವಾಗ ಹಾಡು ಹೇಳಿದ. ನೀರು ಕಣ್ಣಿಗಿಂತ ಕೆಳಗೇ ನಿಲ್ಲುವಷ್ಟು ಗೋಡೆ ತಗ್ಗಿಸಿ, ಹೆಚ್ಚಿನದು ಹರಿದುಹೋಗಲು ಒಂದು ಪೈಪಿಟ್ಟು, ಅದರ ಬಾಯಿಗೆ ಜಾಲರಿ ಕಟ್ಟಿದೆ. ಕಪ್ಪೆಗೆ ಈಗ ಪ್ರವೇಶವಿಲ್ಲ. ಮರುದಿನ ಒರತೆ ಹಳೆಯ ಕಣ್ಣಿಗೇ ಮರಳಿತು. ಮೊದಲು ಕೆಂಪಗೆ, ಸಂಜೆ ಹೊತ್ತಿಗೆ ಗಾಜಿನ ಹಾಗೆ. ಡ್ರೈವರಣ್ಣನ ನೆಲ ಒಣಗಿತು. "ಬಂದೋರು ಹೇಳ್ದೆ ಕೇಳ್ದೆ ಹೊರಟೇಹೋದ್ರು" ಎಂದು ಅವನಿಗೆ ಸ್ವಲ್ಪ ಬೇಸರವೇ.

ಹಾಗಾದರೆ ನಲ್ಲಿಗೆ ನೀರು ಹತ್ತಿದ್ದು ಹೇಗೆ ಎನ್ನುತ್ತೀಯಾ? ಪಂಪು ಹಾಕಿಸಿ ಎಂದ ಡ್ರೈವರಣ್ಣ. ಇಲ್ಲಿನ ಕರೆಂಟು ನಂಬಿ ಸ್ನಾನಕ್ಕೆ ಕೂತರೆ ಸೋಪು ಹಚ್ಚಿಕೊಂಡೇ ಮುದುಕಿಯಾಗಬೇಕು. ನಾನು ಯೋಚಿಸಿದ್ದು ಬೇರೆ. ಅಂಗಿ ಬಿಗಿಯಾದರೆ ಮೈ ಕತ್ತರಿಸುತ್ತಾರೆಯೇ? ಅಂಗಿ ಬಿಚ್ಚಿ ಹೊಲಿಯುತ್ತಾರೆ. ನೀರನ್ನು ಅದರ ಪಾಡಿಗೆ ಬಿಟ್ಟು, ಉಳಿದದ್ದನ್ನು ಒಂಚೂರು ಸರಿಮಾಡಿಕೊಂಡೆವು, ಅಷ್ಟೇ. ಹೆಚ್ಚಿನ ವಿವರ ಬೇಡ. ಈಗ ನಲ್ಲಿ ತಿರುಗಿಸಿದರೆ ನೀರು, ನಿಲ್ಲಿಸಿದರೆ ಮೌನ. ಸುಮ್ಮಸುಮ್ಮನೆ ತಿರುಗಿಸಿ ನೋಡುತ್ತೇನೆ, ಮಕ್ಕಳ ಹಾಗೆ. ಕುದಿಸದೆ ಕುಡಿಯಬೇಡ ಎಂದು ನೀನು ಕಣ್ಣು ಬಿಡುವುದು ಇಲ್ಲಿಗೇ ಕಾಣುತ್ತಿದೆ. ಕುದಿಸಿಯೇ ಕುಡಿಯುತ್ತಿದ್ದೇನೆ ತಾಯಿ, ನೀನು ಬಂದು ಪರೀಕ್ಷೆಗೆ ಕಳಿಸುವವರೆಗೆ.

ಬಾ ಎಂದು ಒತ್ತುವುದಿಲ್ಲ, ಪಾಠ ಕಲಿತಿದ್ದೇನೆ. ಆದರೆ ಆ ಚಪ್ಪಲಿಯನ್ನು ತೊಳೆದು ಬಾಗಿಲ ಬಳಿ ಇಟ್ಟಿದ್ದೇನೆ. ಇನ್ನೊಂದನ್ನು ನೀನು ಎಸೆದಿರಲಾರೆ. ಜೋಡಿಯಿಲ್ಲದೆ ಒಂದೇ ಕೂತಿದ್ದರೆ ನೋಡಲು ಚೆನ್ನಾಗಿರುವುದಿಲ್ಲ ಕಣೇ.

ದಾರಿ ನೋಡುತ್ತ,
ನಿನ್ನ ಹಟಮಾರಿ ಅಕ್ಕ

ಮರೆತ ಮಾತು: ಬಸ್ಸಿಳಿದು ಹತ್ತುವಾಗ ಮೇಲಿನ ಮನೆಯವರೆಗೆ ಬರಬೇಡ. ಒರತೆಗಿಂತ ಕೆಳಗೆ ನಾನು ಸೌದೆ ಇಡುತ್ತಿದ್ದ ಕೊಟ್ಟಿಗೆ ಇತ್ತಲ್ಲ, ಅಲ್ಲೇ ನಿಲ್ಲು. ಹೊಗೆ ಬರುತ್ತಿರುತ್ತದೆ. ನೀರು ಮೇಲೆ ಹತ್ತಲು ಒಪ್ಪಲಿಲ್ಲ, ಅಡುಗೆಮನೆ ಕೆಳಗಿಳಿಯಲು ಒಪ್ಪಿತು. ಒಲೆಯಿಂದ ಉಪ್ಪಿನ ಡಬ್ಬಿಯವರೆಗೆ ಎಲ್ಲವನ್ನೂ ಡ್ರೈವರಣ್ಣ, ಮೇಸ್ತ್ರಿ, ನಾನು ಸೇರಿ ಇಳಿಸಿದೆವು. ಮೇಲೆ ಈಗ ನನ್ನ ಹೊಲಿಗೆ ಯಂತ್ರ ಕೂತಿದೆ. ಅಡುಗೆಮನೆ ಎಲ್ಲಿರಬೇಕೆಂದು ನಿನ್ನ ಷರತ್ತಿನಲ್ಲಿ ಇರಲಿಲ್ಲ, ಕನ್ನಡಕ ಹಾಕಿಕೊಂಡು ಮತ್ತೆ ಓದಿದ್ದೇನೆ. ನಿನ್ನ ಮಂಚವನ್ನೂ ಇಳಿಸಿ, ಒಲೆಯ ಹಿಂದಿನ ಬೆಚ್ಚನೆಯ ಗೋಡೆಗೆ ಹಾಕಿಸಿದ್ದೇನೆ. ನಿನ್ನ ಮಂಡಿಗೆ ಮೇಲಿನ ಮನೆಗೆ ಹತ್ತುವ ಕೆಲಸವೇ ಇಲ್ಲ. ನನ್ನ ಮಂಚ ಮಾತ್ರ ಮೇಲೇ ಇದೆ. ಆದರೂ ಏನು ಪ್ರಯೋಜನ? ನಿನ್ನ ಗೊರಕೆ ನೀರಿನ ಹಾಗಲ್ಲ, ಎಷ್ಟೆತ್ತರಕ್ಕೆ ಬೇಕಾದರೂ ಹತ್ತಿ ಬರುತ್ತದೆ.